ಫೋಟೊದೊಳಗಿನ ಲೈಟುಕಂಬ

ಹಂಗಾರಕಟ್ಟೆಯಲ್ಲಿ ಗೋಡೆಗೆ ಬಣ್ಣ ಹೊಡೆಯಲು ಹೋದಾಗ ಆ ಮನೆಯ ಜಲಜಕ್ಕ ಹಳೇ ಫೋಟೊವೊಂದನ್ನು ತೋರಿಸಿದರು. ಹೊಳೆಬದಿಯ ಅದೇ ಮನೆ, ಅಂಗಳದಲ್ಲಿ ಬುಟ್ಟಿ ಹೊತ್ತ ಹೆಂಗಸು.

"ಇದ್ ನನ್ನಮ್ಮ ಅಂಬ್ರ್ ಎಲ್ಲರೂ. ನಾ ತೊಟ್ಲಗ್ ಇಪ್ಪಾಗ್ಳೇ ತೀರಿಹೋದ್ರ್. ಬೇರೆ ಫೋಟೊ ಇಲ್ಲ."

ಮನೆಯ ಹಿಂದೆ ಕಾಣುವ ಲೈಟುಕಂಬಕ್ಕೆ ಬೆರಳಿಟ್ಟು, "ಆಗಳೇ ಇಲ್ಲಿಗ್ ಕರೆಂಟ್ ಬಂದಿತ್ತಾ?" ಅಂದುಬಿಟ್ಟೆ.

"ಇಲ್ಲ ಮರಾಯಾ. ಕರೆಂಟ್ ಬಪ್ಪತಿಗೆ ನಾ ಶಾಲಿಗ್ ಹೋತಿದ್ದೆ." ಅವರ ಮುಖ ಬಾಡಿತು. ಹಾಗಾದರೆ ಈ ಹೆಂಗಸು ಯಾರು?

ನನ್ನ ಬಾಯಿಗಿಷ್ಟು ಬೆಂಕಿ ಹಾಕ ಅಂದುಕೊಂಡು ಫೋಟೊವನ್ನು ಬೆಳಕಿಗೆ ಹಿಡಿದೆ. ಕಂಬಕ್ಕೆ ತಂತಿಯೇ ಇಲ್ಲ. ತುದಿಯಿಂದ ಹಗ್ಗ ಇಳಿದಿದೆ, ಸುತ್ತಿಟ್ಟ ಹಾಯಿಯೂ ಇದೆ.

"ಹ್ವಾಯ್ ಅಕ್ಕಾ, ಇದ್ ಹೊಳಿಯಗ್ ನಿಂತ ದೋಣಿದ್ ಹಾಯಿಕಂಬ! ಕರೆಂಟಿಗಿಂತ ಮುಂಚಿನ್ ಫೋಟೊವೇ ಸೈ."

ಜಲಜಕ್ಕ ಉಸಿರು ಬಿಟ್ಟು ಫೋಟೊವನ್ನು ಎದೆಗೊತ್ತಿಕೊಂಡರು. "ಬದ್ಕಿದೆ. ನೀ ಇನ್ ಗೋಡಿ ಮಾತ್ರ ಕಾಣ್."

ಸಂಜೆವರೆಗೂ ಗೋಡೆಯನ್ನೇ ಕಂಡೆ. ಬಾಯಿ ತೆರೆದದ್ದು ಚಾ ಕುಡಿಯಲು ಮಾತ್ರ.