ಕತ್ತರಿಸಿದ ಹನ್ನೊಂದು ನಿಮಿಷ

ನಮ್ಮತ್ತೆಯನ್ನು ನೀವು ಒಮ್ಮೆ ನೋಡಬೇಕು! ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವುದು ಅವರ ಕೆಲಸ. ಸೊಂಟದೆತ್ತರದ ಉಕ್ಕಿನ ಹಂಡೆ, ಮುಚ್ಚಳದ ಸುತ್ತ ಆರು ತಿರುಪು, ಮೇಲೆ ಒತ್ತಡ ತೋರಿಸುವ ಮುಳ್ಳು. ಆಸ್ಪತ್ರೆಯಲ್ಲಿ ಅವರು ಎಲ್ಲರಿಗೂ ‘ಹಬೆಯಮ್ಮ’. ಎಡಗೈಯ ಚರ್ಮ ಮೊಣಕೈವರೆಗೂ ಮುದುಡಿದ ಕಾಗದದಂತಿದೆ. ಅದು ಕೆಲಸಕ್ಕೆ ಸೇರಿದ ಮೊದಲ ತಿಂಗಳ ಗುರುತು. ಆಗ ಹೇಳಿಕೊಡುವವರು ಯಾರೂ ಇರಲಿಲ್ಲವಂತೆ.

ಅದಕ್ಕೇ ತಾವೇ ಹೇಳಿಕೊಡಲು ಹೊರಟರು. ಫೋನಿನಲ್ಲಿ ಒಂದು ಗ್ರೂಪ್ ಮಾಡಿದರು. ಎಲ್ಲೆಲ್ಲಿಯದೋ ಸಣ್ಣ ಆಸ್ಪತ್ರೆಗಳ ಹೊಸಬರು ಬಂದು ಸೇರಿಕೊಂಡರು. ಅತ್ತೆಯ ಮೊದಲ ವಿಡಿಯೊ ಹದಿನಾಲ್ಕು ನಿಮಿಷದ್ದು. ಅದರಲ್ಲಿ ಹನ್ನೊಂದು ನಿಮಿಷ ಅವರು ಸ್ವಿಚ್ ಆರಿಸಿ, ಮುಳ್ಳು ಸೊನ್ನೆಗಿಳಿಯುವುದನ್ನು ಪಿಟ್ಟೆನ್ನದೆ ನೋಡುತ್ತ ಕೂತಿದ್ದಾರೆ!

“ಅತ್ತೆ, ಇದನ್ನ ಯಾರು ನೋಡ್ತಾರೆ? ಆಕಳಿಸಿ ಆಕಳಿಸಿ ದವಡೆ ಕಳಚ್ಕೊಳತ್ತೆ.”

“ಕಳಚ್ಕೊಳ್ಲಿ ಬಿಡೆ. ಕೆಲಸ ಅಂದ್ರೆ ಕಾಯೋದೇ.”

“ಸ್ವಲ್ಪ ಟ್ರಿಮ್ ಮಾಡ್ಲಾ?”

“ಏನಾದ್ರೂ ಮಾಡ್ಕೊ. ನಿನ್ನ ಕಾಲೇಜು ಬುದ್ಧಿ ನಂಗೆಲ್ಲಿ ಬರ್ಬೇಕು!”

ಮಾಡಿದೆ. ಸ್ವಿಚ್ ಆರಿಸುವ ಅತ್ತೆ, ಮರುಕ್ಷಣ ತಿರುಪು ಬಿಚ್ಚುವ ಅತ್ತೆ. ಬರೀ ಐವತ್ತೆಂಟು ಸೆಕೆಂಡ್! ಗ್ರೂಪಿಗೂ ಹಾಕಿದೆ, ಎಲ್ಲರೂ ನೋಡಲೆಂದು ಇಂಟರ್‌ನೆಟ್ಟಿಗೂ ಹಾಕಿದೆ. ಹಳೆಯದನ್ನು ನೋಡಿದವರು ಹದಿನೇಳು ಮಂದಿ, ಇದನ್ನು ಮೂರೇ ದಿನಕ್ಕೆ ನಲವತ್ತು ಸಾವಿರ. ನಾನು ಮನೆಯಿಡೀ ಕುಣಿದೆ. ಅತ್ತೆ ನಕ್ಕರು, ಆದರೆ ವಿಡಿಯೊ ತೆರೆದು ನೋಡಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಎರಡನೇ ವಿಡಿಯೊ ತೆಗೆಯಲು ನೆಲಮಾಳಿಗೆಗೆ ಹೋಗಿದ್ದೆ. ಕಿಟಕಿಯಿಲ್ಲದ ಕೋಣೆ, ಗೋಡೆಯೆಲ್ಲ ಬೆವರಿದಂತೆ ಒದ್ದೆ. ಅತ್ತೆಯ ಫೋನ್ ಟಿಂಗ್ ಎಂದಿತು. ಗ್ರೂಪಿನಲ್ಲಿ ಸೂರ್ಯಕಾಂತಿ ಹೂವಿನ ಚಿತ್ರ ಹಾಕಿಕೊಂಡಿದ್ದ ಹುಡುಗಿ ಬರೆದಿದ್ದಳು: “ಮೇಡಂ, ಇವತ್ತು ನಾನೊಬ್ಳೇ. ನಿಮ್ಮ ವಿಡಿಯೊ ಎದುರಿಗೇ ಇಟ್ಕೊಂಡಿದೀನಿ. ಸ್ವಿಚ್ ಆರಿಸಾಯ್ತು, ಈಗ ತಿರುಪು.” ಜೊತೆಗೊಂದು ಫೋಟೊ. ತಿರುಪಿನ ಮೇಲೆ ಅವಳ ಬೆರಳು. ಮುಳ್ಳು ಇನ್ನೂ ಹದಿನೈದರಲ್ಲಿ.

“ನಾನು ಕಾದಿದ್ದು ಎಲ್ಲೋಯ್ತೇ?” ಅತ್ತೆ ಕೇಳಿದರು.

“ಅದು... ಬೋರಾಗತ್ತೆ ಅಂತ...”

ಅವರು ಆಗಲೇ ಕರೆ ಮಾಡುತ್ತಿದ್ದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಮಾಡಿದರು, ಎತ್ತಲಿಲ್ಲ. ‘ಈ ಹುಡುಗಿ ಯಾವ ಆಸ್ಪತ್ರೆ, ಯಾರಿಗಾದ್ರೂ ಗೊತ್ತಾ?’ ಎಂದು ನಾನು ಗ್ರೂಪಿನಲ್ಲಿ ಹಾಕಿದೆ. ಉತ್ತರವಾಗಿ ಬಂದದ್ದು ಕೈಮುಗಿದ ಚಿತ್ರಗಳು, ಹೃದಯಗಳು, ‘ಸೂಪರ್ ಮೇಡಂ’ಗಳು. ನಮ್ಮ ಬೆನ್ನ ಹಿಂದೆ ನಮ್ಮದೇ ಹಂಡೆ ಬುಸುಗುಡುತ್ತಿತ್ತು.

ಮತ್ತೆ ಟಿಂಗ್. “ಮೂರು ತಿರುಪು ಬಂತು ಮೇಡಂ. ನಾಲ್ಕನೇದು ತುಂಬಾ ಬಿಗಿ. ವಾಚ್‌ಮನ್ ಅಂಕಲ್ ಸುತ್ತಿಗೆ ತರಕ್ಕೆ ಹೋಗಿದಾರೆ.”

ಐದನೇ ಕರೆಗೆ ಎತ್ತಿದಳು.

“ಕೈ ತೆಗಿಯೇ! ಓಡು, ಕೋಣೆಯಿಂದ ಆಚೆ ಓಡು!”

ಫೋನಿನಿಂದ ಉದ್ದನೆಯ ಸುಯ್ ಸದ್ದು ಮಾತ್ರ ಕೇಳುತ್ತಿತ್ತು.

“ಮೇಡಂ, ಆಚೆ ಬಂದೆ. ಮುಚ್ಚಳದ ಒಂದು ಕಡೆಯಿಂದ ಹಬೆ ಬರ್ತಿದೆ.”

“ಬರ್ಲಿ. ಬಾಗ್ಲು ಹಾಕು. ಸುತ್ತಿಗೆ ತಗೊಂಡು ಬರೋರನ್ನೂ ಒಳಗೆ ಬಿಡ್ಬೇಡ.”

“ಎಷ್ಟು ಹೊತ್ತು? ವಿಡಿಯೊದಲ್ಲಿ ನೀವು ತಕ್ಷಣ ಬಿಚ್ಚಿದ್ರಲ್ಲಾ?”

ಅತ್ತೆ ನನ್ನತ್ತ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸದ್ದು ಪೂರ್ತಿ ನಿಲ್ಲುವವರೆಗೂ ಅವರು ಫೋನ್ ಇಡಲಿಲ್ಲ. ಅವಳಿಗೆ ಒಂದು ಗುಳ್ಳೆಯೂ ಏಳಲಿಲ್ಲ! ನಾನು ಅಲ್ಲೇ ಕೂತು ಆ ವಿಡಿಯೊ ಅಳಿಸಿಹಾಕಿದೆ.

“ಹೋಯ್ತಾ?”

“ಹೋಯ್ತು ಅತ್ತೆ.”

“ಬೇರೆ ಕಡೆ?”

ಹುಡುಕಿದೆ. ಏಳು ಕಡೆ ಇತ್ತು. ಒಂದಕ್ಕೆ ಯಾರೋ ಸಂಗೀತ ಸೇರಿಸಿದ್ದರು. ಇನ್ನೊಂದನ್ನು ಮೂವತ್ತು ಸೆಕೆಂಡಿಗೆ ಇಳಿಸಿದ್ದರು. ಅದರಲ್ಲಿ ಸ್ವಿಚ್ ಆರಿಸುವುದೂ ಇರಲಿಲ್ಲ. ಕೆಳಗೆ, ಎರಡು ನಿಮಿಷದ ಹಿಂದೆ, ಯಾರೋ ಬರೆದಿದ್ದರು: “ಇಷ್ಟೇನಾ! ಈಗ್ಲೇ ಮಾಡ್ತೀನಿ.”

“ನಂಬರ್ ಕೊಡು,” ಎಂದರು ಅತ್ತೆ.

ಅಲ್ಲಿ ನಂಬರ್ ಇರಲಿಲ್ಲ.