ಅರಿಶಿನ ಬೀಳಬಾರದ ಕಲ್ಲು

ಅಮೃತಶಿಲೆ ಎಂದರೆ ಜನಕ್ಕೆ ತಾಜಮಹಲು ನೆನಪಾಗುತ್ತದೆ. ನನಗೆ ನೆನಪಾಗುವುದು ಬೀದರಿನ ನನ್ನ ಗಂಡನ ಮನೆಯ ಸ್ನಾನದ ಕೋಣೆ. ನೆನಪಾದ ಕೂಡಲೇ ಮೈಯೆಲ್ಲ ಉರಿಯುತ್ತದೆ. ಇಷ್ಟು ವರ್ಷವಾದ ಮೇಲಾದರೂ ಸಿಟ್ಟು ಇಳಿಯಬಾರದೇ ಎಂದು ಮಕ್ಕಳು ಕೇಳುತ್ತಾರೆ. ಇಳಿಸಿಕೊಳ್ಳುವ ಮನಸ್ಸು ನನಗಿಲ್ಲ.

ಮಾವನವರದು ಭಾಲ್ಕಿಯಲ್ಲಿ ಧಾನ್ಯದ ಅಡತಿ ಅಂಗಡಿ, ಬೀದರಿನಲ್ಲಿ ಮನೆ. ನಿಜಾಮರ ರಾಜ್ಯ ಮುಗಿದಾಗ ಊರಿನ ದೊಡ್ಡ ಅಧಿಕಾರಿಯೊಬ್ಬರ ಕುಟುಂಬ ಹೈದರಾಬಾದಿಗೆ ಹೊರಟುಹೋಯಿತು. ಅವರ ಸ್ನಾನದ ಕೋಣೆಯ ಬಿಳಿ ಕಲ್ಲುಗಳನ್ನೆಲ್ಲ ಮಾವನವರು ಕಿತ್ತು ತಂದು ನಮ್ಮ ಮನೆಯಲ್ಲಿ ಕೂಡಿಸಿದರು. ನೆಲ, ಗೋಡೆ ಎಲ್ಲವೂ ಅಮೃತಶಿಲೆ. ಮುಖ ಕಾಣುವಂಥ ಹೊಳಪು. ಮೇಲೆ ಒಂದು ತೊಟ್ಟಿ, ಅದರಿಂದ ಇಳಿದ ನಳಿಗೆ, ನಳಿಗೆಯ ತುದಿಗೆ ತೂತುಗಳಿದ್ದ ಹಿತ್ತಾಳೆಯ ಬಿಲ್ಲೆ. ಅದನ್ನು ಫವಾರಾ ಎನ್ನುತ್ತಿದ್ದರು. ತಿರುವಿದರೆ ತಲೆಯ ಮೇಲೆ ಮಳೆ. ಬಂದವರಿಗೆಲ್ಲ ಮಾವನವರು ಅದನ್ನು ತಿರುವಿ ತೋರಿಸುತ್ತಿದ್ದರು. ಆ ತೊಟ್ಟಿಗೆ ನೀರು ತಾನಾಗಿ ಏರುತ್ತಿರಲಿಲ್ಲ. ಬಾವಿಯಿಂದ ಸೇದಿ, ಹಂಡೆಯಲ್ಲಿ ಕಾಸಿ, ಹಿಂದಿನ ಏಣಿ ಹತ್ತಿ ಸುರಿಯುತ್ತಿದ್ದವರು ಅತ್ತೆ ಮತ್ತು ನಾನು. ಅದನ್ನು ಮಾವನವರು ಯಾರಿಗೂ ತೋರಿಸಲಿಲ್ಲ.

ಆ ಕಲ್ಲಿಗೆ ಮಾಡುವ ಸೇವೆಯನ್ನು ನಾನು ನನ್ನ ಮಕ್ಕಳಿಗೂ ಮಾಡಿಲ್ಲ. ಬೀದರಿನ ಬಾವಿ ನೀರು ಗಡಸು. ಹನಿ ಒಣಗಿತೆಂದರೆ ಬಿಳಿ ಕಲೆ ಕೂರುತ್ತದೆ. ಆದ್ದರಿಂದ ಗಂಡಸರು ಮಿಂದು ಹೊರಬಂದ ಕೂಡಲೇ ಒಳಗೆ ಹೋಗಿ, ಹಳೆಯ ಧೋತರದ ಮೆತ್ತನೆಯ ಅರಿವೆಯಿಂದ ಗೋಡೆ ನೆಲ ಎಲ್ಲ ಒಣಗಿಸಬೇಕು. ಸಾಬೂನಿನ ಜಿಡ್ಡು ಕೂತರೆ ಬೆಚ್ಚನೆಯ ನೀರಿನಲ್ಲಿ ತೊಳೆದು ಮತ್ತೆ ಒರೆಸಬೇಕು. ಬೂದಿ ಮುಟ್ಟಿಸಬಾರದು, ಗೀರು ಬೀಳುತ್ತದೆ. ಹುಳಿಯಂತೂ ಹತ್ತಿರ ಸುಳಿಯಬಾರದು. ಇದನ್ನು ಮನೆ ಕಲಿತದ್ದು ಅತ್ತೆಯ ಪಾಡಿನಿಂದ. ನಾನು ಸೊಸೆಯಾಗಿ ಬರುವ ಮೊದಲು, ಕಲ್ಲು ಹೊಸದಾಗಿದ್ದಾಗ, ಅವರು ತಾಮ್ರದ ಹಂಡೆ ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿ ನೆಲವನ್ನು ತಿಕ್ಕಿದ್ದರು. ಇನ್ನಷ್ಟು ಹೊಳೆಯಲಿ ಎಂಬ ಆಸೆ. ಹುಳಿ ಹೊಳಪನ್ನು ತಿಂದುಹಾಕಿತು. ಬಾಗಿಲ ಬಳಿ ಅಂಗೈಯಗಲ ಜಾಗ ಮಂಕಾಯಿತು. ಅಂದು ಅವರು ತಿಂದ ಬೈಗುಳ ಎಂಥದ್ದೋ, ಆಮೇಲೆ ಆ ಕೋಣೆಗೆ ಹೋಗುವಾಗಲೆಲ್ಲ ಆ ಮಂಕು ಜಾಗವನ್ನು ದಾಟಿ ಕಾಲಿಡುತ್ತಿದ್ದರು. ಹೋಗುತ್ತಿದ್ದುದಾದರೂ ಯಾಕೆ? ಒರೆಸುವುದಕ್ಕೆ.

ಹೌದು, ಹೆಂಗಸರು ಅಲ್ಲಿ ಸ್ನಾನ ಮಾಡುವಂತಿರಲಿಲ್ಲ. ಹೆಂಗಸರ ಸ್ನಾನವೆಂದರೆ ಅರಿಶಿನ, ಎಣ್ಣೆ, ಸೀಗೆಕಾಯಿ. ಅರಿಶಿನ ಕಲ್ಲನ್ನು ಹಳದಿ ಮಾಡುತ್ತದೆ, ಎಣ್ಣೆ ಒಳಗಿಳಿದು ಕಪ್ಪಾಗುತ್ತದೆ, ಸೀಗೆಯಲ್ಲೂ ಹುಳಿಯಿದೆ. ಅದಕ್ಕೇ ನಮಗೆ ಹಿತ್ತಿಲ ಬಚ್ಚಲು. ಒಂದು ಶಹಾಬಾದ್ ಹಾಸುಗಲ್ಲು, ಮೂರು ಕಡೆ ತಗಡು, ಮುಂದೆ ಗೋಣಿತಾಟಿನ ಪರದೆ, ಮೇಲೆ ಆಕಾಶ. ಹೊರಗೆ ಪಡಸಾಲೆಯಲ್ಲಿ ಮಾವನವರು ಕೂತು, ಶರಣರು ಹೆಣ್ಣುಗಂಡೆಂಬ ಭೇದ ಮಾಡಲಿಲ್ಲವೆಂದು ಬಂದವರಿಗೆ ತಾಸುಗಟ್ಟಲೆ ಹೇಳುತ್ತಿದ್ದರು. ಆ ಮಾತೆಲ್ಲ ಗೋಣಿತಾಟಿನ ಈಚೆಗೂ ಕೇಳಿಸುತ್ತಿತ್ತು.

ನಮ್ಮ ಬೀದರು ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲದಲ್ಲಿ ನನಗೆ ಎರಡನೆಯ ಮಗಳು ಹುಟ್ಟಿದಳು. ಮೊದಲ ಹೆರಿಗೆ ಔರಾದ ಕಡೆಯ ಠಾಣಾ ಕುಶನೂರಿನ ನನ್ನ ತವರಿನಲ್ಲಿ ಆಗಿತ್ತು. ಅಲ್ಲಿ ಬಚ್ಚಲು ಒಲೆಯ ಪಕ್ಕದಲ್ಲೇ, ಬೆಚ್ಚಗೆ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದರಿಂದ ಈ ಬಾಣಂತನ ಬೀದರಿನಲ್ಲೇ ಆಯಿತು. ಬೀದರಿನ ಚಳಿಗಾಳಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತರೆ, ಅತ್ತೆ ಹಾಕುವ ಬಿಸಿನೀರು ಮೈ ದಾಟುವುದರೊಳಗೆ ತಣ್ಣಗಾಗುತ್ತಿತ್ತು. ಕೂಸಿಗೆ ಕೆಮ್ಮು ಹಿಡಿಯಿತು. ಉಸಿರೆಳೆದಾಗಲೆಲ್ಲ ಎದೆಯ ಗೂಡು ಒಳಗೆ ಹೋಗುತ್ತಿತ್ತು.

ಒಳಗಿನ ಕೋಣೆಯಲ್ಲಿ ನೀರು ಹಾಕೋಣ, ಬಾಗಿಲಿದೆ, ಗಾಳಿಯಿಲ್ಲ ಎಂದು ಅತ್ತೆಯ ಕೈಯಲ್ಲಿ ಕೇಳಿಸಿದೆ. ಸೊಸೆಯಾದವಳು ಮಾವನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ನಾನು ಬಾಗಿಲ ಮರೆಯಲ್ಲೇ ಇದ್ದೆ. ಅದು ಗೊತ್ತಿದ್ದೂ ಅವರು ಅತ್ತೆಗೇ ಹೇಳಿದರು.

"ಅಕೀಗಿ ಹೇಳು, ಅರಿಶಿಣ ಬಿದ್ದರ ಸಂಗಮರಮರ ಕಲ್ಲು ಹಾಳಾಗ್ತದ. ಕೂಸುಗೋಳಿಗಿ ಕೆಮ್ಮು ಬರ್ತದ, ಹೋಗ್ತದ. ಕಲ್ಲು ಮತ್ತ ಸಿಗ್ತದೇನು?"

ವಾರಕ್ಕೊಮ್ಮೆ ಭಾಲ್ಕಿಯಿಂದ ಬರುತ್ತಿದ್ದ ಗಂಡನಿಗೆ ಹೇಳಿದೆ. "ಅಪ್ಪಾ ಬ್ಯಾಡಂದ್ರ ಬ್ಯಾಡ ಬಿಡು, ಯಾಕ ಸುಮ್ಮ ಜಗಳ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಫವಾರಾದ ಕೆಳಗೆ ಹೋಗಿ ನಿಂತ. ಆ ನೀರನ್ನೂ ಅತ್ತೆಯೇ ಏಣಿ ಹತ್ತಿ ಸುರಿದರು.

ಅದೇ ವಾರ ಮೈಸೂರು ಕಡೆಯಿಂದ ಹೊಸ ಅಧಿಕಾರಿಯೊಬ್ಬರು ಬಂದರು. ಅವರ ಬಂಗಲೆ ಇನ್ನೂ ಸಿದ್ಧವಾಗಿರಲಿಲ್ಲ. ಹೊಸ ರಾಜ್ಯ, ಹೊಸ ಸರಕಾರ, ಪರಿಚಯವಿರಲಿ ಎಂದು ಮಾವನವರು ಮನೆಗೇ ಕರೆತಂದರು. ಮನುಷ್ಯ ಒಳ್ಳೆಯವರು, ಅವರ ಮೇಲೆ ನನಗೆ ದೂರಿಲ್ಲ. ಶನಿವಾರ ಬೆಳಿಗ್ಗೆ ಸಂಕೋಚದಿಂದಲೇ ಕೇಳಿದರು: "ಸ್ವಲ್ಪ ಹರಳೆಣ್ಣೆ, ಸೀಗೆಪುಡಿ ಸಿಗುತ್ತಾ? ವಾರಕ್ಕೊಂದು ಸಲ ಎಣ್ಣೆ ಸ್ನಾನ ಮಾಡಿ ಅಭ್ಯಾಸ."

ನಾನು ಕೋಣೆಯಲ್ಲಿ ಮೈಯೆಲ್ಲ ಕಿವಿಯಾಗಿ ಕೂತೆ. ಮಾವನವರು ಏನೆನ್ನುತ್ತಾರೆ?

"ಅದಕ್ಕೇನ್ರಿ ಸಾಹೇಬ್ರ! ಆರಾಮ ಮಾಡ್ರಿ. ಮನಿ ನಿಮ್ಮದೇ ಅದ."

ಹರಳೆಣ್ಣೆ ಹೋಯಿತು, ಬಟ್ಟಲು ತುಂಬ ಸೀಗೆಪುಡಿ ಹೋಯಿತು. ತಾಸು ಹೊತ್ತು ಸ್ನಾನ ನಡೆಯಿತು. ಅವರು ಹೊರಬಂದ ಮೇಲೆ ಮಾವನವರು ಅಡುಗೆಮನೆಯತ್ತ ನೋಡಿ, "ಜಲ್ದಿ ಒರಸಿ ತಗೀರಿ" ಎಂದರು. ಒಬ್ಬರೇ ಏಣಿ ಹತ್ತಿ ಇಳಿದು ಅತ್ತೆಯ ಮೊಣಕಾಲು ಹಿಡಿದುಕೊಂಡಿತ್ತು, ಬಗ್ಗಲಾಗದು. ಬಾಣಂತಿ ಕೋಣೆ ಬಿಟ್ಟು ಬರಬಾರದೆಂಬ ನಿಯಮ ಆ ಕಲ್ಲಿಗೆ ಅನ್ವಯಿಸಲಿಲ್ಲ. ನಾನೇ ಹೋದೆ. ಜೋಳದ ಹಿಟ್ಟು ಹರಡಿ ಎಣ್ಣೆ ಹೀರಿಸಿದೆ, ಬೆಚ್ಚನೆಯ ಸಾಬೂನು ನೀರಲ್ಲಿ ತೊಳೆದೆ, ಒಣ ಅರಿವೆಯಿಂದ ತಿಕ್ಕಿದೆ. ನಡುವೆ ಒಂದು ಕಪ್ಪು ಕಲೆ ಹೋಗಲೇ ಇಲ್ಲ. ಆಚೆ ಕೋಣೆಯಲ್ಲಿ ನನ್ನ ಕೂಸು ಕೆಮ್ಮುತ್ತಿತ್ತು. ಆ ಕಲ್ಲನ್ನು ಒನಕೆಯಿಂದ ಒಡೆದುಬಿಡಬೇಕು ಅನ್ನಿಸಿತು.

ಒಡೆಯಲಿಲ್ಲ. ಮರುದಿನ ಬೆಳಿಗ್ಗೆ ಮಾವನವರು ಪಡಸಾಲೆಯಲ್ಲಿ ಅತಿಥಿಯ ಜೊತೆ ಚಹಾ ಕುಡಿಯುತ್ತಿರುವಾಗ, ಕೂಸನ್ನು ಎತ್ತಿಕೊಂಡು, ಎಣ್ಣೆ ಬಟ್ಟಲು ಅರಿಶಿನದ ಬಟ್ಟಲು ಹಿಡಿದುಕೊಂಡು ಅಮೃತಶಿಲೆಯ ಮೇಲೆ ಕಾಲು ಚಾಚಿ ಕೂತೆ. "ಅತ್ತಿ, ನೀರು ಇಲ್ಲೇ ತರ್ರಿ" ಎಂದೆ. ಅತ್ತೆ ಪಡಸಾಲೆಯತ್ತ ತಿರುಗಿ ನೋಡಿದರು. ಆದರೂ ತಂದರು. ಕೂಸು ಅತ್ತ ದನಿ ಕೇಳಿ ಮಾವನವರು ಬಾಗಿಲ ಹೊರಗೆ ಬಂದು ಕೆಮ್ಮಿದರು.

"ಒಳಗ ಯಾರಿದ್ದಾರ?"

ಅವರ ಜೊತೆ ನಾನು ನೇರವಾಗಿ ಆಡಿದ ಮೊದಲ ಮಾತು ಅಂದಿನದು. "ನಾ ಇದ್ದೀನ್ರಿ ಮಾವಾರ. ಕೂಸಿಗಿ ನೀರು ಹಾಕ್ಲಿಕತ್ತೀನಿ. ಅರಿಶಿಣಾನೂ ಅದ, ಎಣ್ಣೀನೂ ಅದ. ಸಾಹೇಬ್ರ ಎಣ್ಣಿ ಕಲಿ ಇನ್ನಾ ಹೋಗಿಲ್ರಿ, ಎರಡೂ ಕೂಡೇ ಒರಸ್ತೀನಿ."

ಪಡಸಾಲೆಯಲ್ಲಿ ಅತಿಥಿ ಕೂತಿದ್ದರು. ಕೂಗಾಡುವಂತಿರಲಿಲ್ಲ. ಮಾವನವರು ಹಾಗೇ ತಿರುಗಿ ಹೋದರು. ಅಧಿಕಾರಿ ಬಂಗಲೆಗೆ ಹೋದ ಮೇಲೆ ಮನೆಯಲ್ಲಿ ರಂಪವಾಯಿತು. ನಾನು ದಿನಾ ಕೂಸಿಗೆ ಅಲ್ಲೇ ನೀರು ಹಾಕಿದೆ. ಕೂಸಿನ ಕೆಮ್ಮು ನಿಧಾನಕ್ಕೆ ಇಳಿಯಿತು. ನೆಲದ ಮೇಲೆ ಹಳದಿ ಕೂತಿತು. ಬಿಸಿಲು ಬಿದ್ದರೆ ಅರಿಶಿನ ತಾನೇ ಮಾಸುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಆ ಕೋಣೆಯ ಕಿಟಕಿ ಮುಚ್ಚಿಟ್ಟೆ.

ಗೆದ್ದೆ ಎಂದುಕೊಂಡಿದ್ದೆ. ಒಂದು ದಿನ ಮಾವನವರು ಭಾಲ್ಕಿಗೆ ಹೋಗಿದ್ದಾಗ, "ಅತ್ತಿ, ಇವತ್ತು ನೀವೂ ಇಲ್ಲೇ ಮಾಡ್ರಿ. ಫವಾರಾಕ್ಕ ನೀರು ನಾ ಹಾಕ್ತೀನಿ" ಎಂದು ನಾನೇ ಏಣಿ ಹತ್ತಿದೆ. ಅತ್ತೆ ಸೀರೆ ಟವೆಲ್ಲು ಹಿಡಿದುಕೊಂಡು ಹೊರಟರು. ಏಣಿಯ ಮೇಲಿನಿಂದ ನನಗೆ ಹಿತ್ತಿಲು, ಆ ಕೋಣೆಯ ಬಾಗಿಲು ಎರಡೂ ಕಾಣುತ್ತಿದ್ದವು. ಅವರು ನೇರ ಒಳಗೆ ಹೋಗಲಿಲ್ಲ. ಹಿತ್ತಿಲ ಬಚ್ಚಲಿಗೆ ಹೋಗಿ, ಶಹಾಬಾದ್ ಕಲ್ಲಿನ ಮೇಲೆ ನಿಂತು, ಹಿಮ್ಮಡಿ ತಿಕ್ಕಿ ತಿಕ್ಕಿ ಎರಡೂ ಕಾಲು ತೊಳೆದುಕೊಂಡರು. ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಆ ಮಂಕು ಜಾಗವನ್ನು ದಾಟಿ, ಸ್ನಾನ ಮಾಡಲು ಒಳಗೆ ಹೋದರು.