ನರ್ಸಕ್ಕ ದೇವರಿಗೆ ಹೇಳಿದ್ದು

ತಲೆಗೆ ಬಣ್ಣ ಹಚ್ಚಿಕೊಂಡಾಗಲೆಲ್ಲ ಉಗುರು ಕಪ್ಪಾಗುತ್ತದೆಂದು ಮೊನ್ನೆ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ರಬ್ಬರ್ ಗ್ಲೌಸ್ ತಂದೆ. ಮುಚ್ಚಳ ಹರಿದದ್ದೇ ತಡ, ರಬ್ಬರೂ ಪೌಡರೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಕಲಸಿಟ್ಟ ಬಣ್ಣ ಬಟ್ಟಲಲ್ಲೇ ಒಣಗಿತು, ನಾನು ಸ್ಟೂಲಿನ ಮೇಲೆ ಕುಳಿತೇ ಇದ್ದೆ... ಮಸ್ಕತ್ತಿನ ಅಲ್ ಮಬೇಲಾದಲ್ಲಿ ನಮ್ಮ ಪಕ್ಕದ ಫ್ಲಾಟಿನಲ್ಲಿದ್ದ ನರ್ಸಕ್ಕನ ಬಾಲ್ಕನಿಯ ವಾಸನೆ ಅದು.

ಒಮ್ಮೆ ಹಾಕಿ ಬಿಸಾಡುವ ಗ್ಲೌಸನ್ನು ನರ್ಸಕ್ಕ ತೊಳೆದು, ಕುದಿಸಿ, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದರು. ಆಮೇಲೆ ಪೌಡರ್ ಹಚ್ಚಿ ಮಡಚಿಡುವುದು. ಗಾಳಿ ಬಂದರೆ ಐದೈದು ಬೆರಳು ಬೀದಿಗೆ ಟಾಟಾ ಮಾಡುತ್ತಿದ್ದವು. ನಾನು ತಮಾಷೆ ಮಾಡಿದರೆ, "ಮಿಷನ್ ಬುದ್ಧಿ ಮಾರಾಯ್ತಿ, ಇನ್ನು ಸತ್ತ ಮೇಲೇ ಹೋಗುದು" ಎನ್ನುತ್ತಿದ್ದರು.

ಅವರು ಉಡುಪಿ ಕಡೆಯ ಕ್ರೈಸ್ತರು. ಮಸ್ಕತ್ತಿಗೆ ಬರುವ ಮೊದಲು ಹನ್ನೊಂದು ವರ್ಷ ಆಫ್ರಿಕದಲ್ಲಿದ್ದವರು. ಟಾಂಜಾನಿಯದ ಒಳನಾಡಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಗಂಡ ಡಾಕ್ಟರು, ಇವರು ನರ್ಸು. ಮಗಳು ಹುಟ್ಟಿದ್ದೂ ಅಲ್ಲೇ. ಹರಿದ ಗ್ಲೌಸಿಗೆ ಗಾಳಿ ಊದಿ ಬಲೂನು ಮಾಡಿ ಆಡುತ್ತಿದ್ದಳಂತೆ, ಒಂದು ಎರಡು ಕಲಿತದ್ದು ವಾರ್ಡಿನ ಮಂಚದ ನಂಬರು ನೋಡಿಯಂತೆ. ನಮ್ಮ ಬಿಲ್ಡಿಂಗಿನ ಕೆಳಗೆ ಆಫ್ರಿಕದ ಜಂಜೀಬಾರಿನಲ್ಲಿ ಹುಟ್ಟಿದ ಒಬ್ಬ ಒಮಾನಿ ಮುದುಕಿ ಇದ್ದಳು. ಅವಳೊಡನೆ ನರ್ಸಕ್ಕ ಸ್ವಾಹಿಲಿಯಲ್ಲಿ ಗಂಟೆಗಟ್ಟಲೆ ನಗುತ್ತ ಮಾತಾಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಮಿಷನಿನ ಕತೆ ಕೇಳುವುದೆಂದರೆ ನನಗೆ ಪ್ರಾಣ. ಬೆಳಿಗ್ಗೆ ಗಂಟೆ ಬಾರಿಸಿದರೆ ಡಾಕ್ಟರು, ನರ್ಸು, ಅಡುಗೆಯವಳು, ರೋಗಿಗಳ ಕಡೆಯವರು ಎಲ್ಲರೂ ಮಾವಿನ ಮರದಡಿ ನಿಲ್ಲಬೇಕಂತೆ. ಒಬ್ಬೊಬ್ಬ ರೋಗಿಯ ಹೆಸರು, ಕಾಯಿಲೆ ಗಟ್ಟಿಯಾಗಿ ಹೇಳಿ ಪ್ರಾರ್ಥನೆ. ಕೇಳಿದವರಲ್ಲಿ ಯಾರೋ ರಕ್ತ ಕೊಡಲು ಬರುವರು, ಯಾರೋ ನಾಲ್ಕು ಮೊಟ್ಟೆ ತರುವರು. "ಅಲ್ಲಿ ಕಾಯಿಲೆ ಗುಟ್ಟಲ್ಲ. ಗುಟ್ಟು ಮಾಡಿದವರು ಸತ್ತದ್ದೇ" ಎನ್ನುತ್ತಿದ್ದರು. ನನಗೆ ಅದು ಬೇರೆ ಲೋಕ. ನಮ್ಮ ಮನೆಯಲ್ಲಿ ಗಂಡಿನ ಕಡೆಯವರು ಬಂದರೆ ಹುಡುಗಿಯ ಕನ್ನಡಕವನ್ನೂ ಬಚ್ಚಿಡುತ್ತಿದ್ದರು.

ಎಣ್ಣೆಯ ಬೆಲೆ ಬಿದ್ದ ವರ್ಷಗಳು ಅವು. ಶಾಲೆಯ ವ್ಯಾನಿನಲ್ಲಿ ಸೀಟು ಖಾಲಿಯಾಗುತ್ತಿತ್ತು. ಇವತ್ತು ಉಪ್ಪಿಟ್ಟು ಕೊಟ್ಟ ಮನೆಯವರು ಮುಂದಿನ ತಿಂಗಳು ಊರಿಗೆ ಹೊರಡಲು ಟಿ.ವಿ.ಯನ್ನು ಕಂಬಳಿಯಲ್ಲಿ ಸುತ್ತುತ್ತಿದ್ದರು. ನಮ್ಮವರು ಎಣ್ಣೆ ಬಾವಿಗಳ ಮೀಟರು ರಿಪೇರಿ ಮಾಡುವ ಒಂದು ಕಂಪೆನಿಯಲ್ಲಿ ಟೆಕ್ನಿಷಿಯನ್. ಭಾನುವಾರ ಬೆಳಕು ಹರಿಯುವ ಮೊದಲೇ ಘಾಲಾದ ಕಂಪೆನಿ ಯಾರ್ಡಿನಿಂದ ಪಿಕಪ್ ತೆಗೆದು, ಇಬ್ಬರು ಜೊತೆಯವರನ್ನು ಕೂರಿಸಿಕೊಂಡು, ಇಬ್ರಿ ದಾಟಿ ಮರುಭೂಮಿಗೆ ಹೋದರೆ ಬರುವುದು ಗುರುವಾರ. ಗಾಡಿ ಓಡಿಸಲಾರೆ ಎಂದವನಿಗೆ ಆ ಕೆಲಸವೇ ಇಲ್ಲ.

ಒಂದು ಶುಕ್ರವಾರ ಸಂಜೆ ಚಹಾ ಕುಡಿಯುತ್ತಿದ್ದ ಮನುಷ್ಯ ಕುರ್ಚಿಯಿಂದ ಜಾರಿ ಬಿದ್ದರು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ನನ್ನ ಕಿರುಚಾಟಕ್ಕೆ ನರ್ಸಕ್ಕ ಓಡಿ ಬಂದರು. ನಾನು ಊರಿನ ಬುದ್ಧಿಯಂತೆ ಅವರ ಮುಷ್ಟಿಯೊಳಗೆ ಬೀಗದ ಕೈಗೊಂಚಲು ತುರುಕುತ್ತಿದ್ದೆ. ಅಕ್ಕ ಅದನ್ನು ಕಿತ್ತೆಸೆದು, ಅವರನ್ನು ಮಗ್ಗುಲಿಗೆ ತಿರುಗಿಸಿ, ವಾಚು ನೋಡುತ್ತ ಕುಳಿತರು. ಎಲ್ಲ ತಣ್ಣಗಾದ ಮೇಲೆ ಹೇಳಿದರು, "ಇದು ಫಿಟ್ಸ್. ಮಾತ್ರೆ ಶುರು ಮಾಡ್ಬೇಕು. ಗಾಡಿ ಮುಟ್ಲಿಕ್ಕಿಲ್ಲ."

ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಅಕ್ಕಾ, ಕಂಪೆನಿಗೆ ಗೊತ್ತಾದ್ರೆ ಖಲಾಸ್. ಯಾರಿಗೂ ಹೇಳ್ಬೇಡಿ."

"ರೋಗಿಯ ಮಾತು ನನ್ನ ಹೊಟ್ಟೆಯಲ್ಲೇ ಉಳೀತದೆ" ಎಂದರು. ಆ ಮಾತನ್ನು ನಾನು ದೇವರ ತೀರ್ಥದಂತೆ ನಂಬಿದೆ.

ದೂರದ ಒಂದು ಕ್ಲಿನಿಕ್ಕಿಗೆ ಹೋಗಿ ಮಾತ್ರೆ ತಂದೆವು. ಗಾಡಿ ಮಾತ್ರ ಬಿಡಲಿಲ್ಲ. ಯಾರ್ಡಿನಲ್ಲೇ ಹಗುರದ ಕೆಲಸ ಕೊಡಿ ಎಂದು ಕೇಳಿದವರ ಹೆಸರು ಮೊದಲು ಕೆಲಸದಿಂದ ತೆಗೆಯುವವರ ಪಟ್ಟಿಗೆ ಹತ್ತುತ್ತಿದ್ದ ಕಾಲ ಅದು. ನರ್ಸಕ್ಕ ವಾರವಾರವೂ ಕೇಳುತ್ತಿದ್ದರು. "ಈಗ ಬೇರೆ ಡ್ರೈವರ್ ಇದ್ದಾನೆ ಅಕ್ಕಾ" ಎಂದು ನಾನು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದೆ. ಒಂದು ಭಾನುವಾರ ನಸುಕಿನಲ್ಲಿ ಡ್ಯೂಟಿಗೆ ಹೊರಟಿದ್ದ ಅಕ್ಕ ಪೆಟ್ರೋಲ್ ಪಂಪಿನಲ್ಲಿ ನಮ್ಮವರನ್ನು ಸ್ಟೇರಿಂಗಿನ ಹಿಂದೆ ಕಂಡರಂತೆ. ಮಾತಾಡಿಸದೆ ಮುಂದೆ ಹೋದರಂತೆ. ಆ ವಾರ ಅವರು ನನ್ನನ್ನು ಏನೂ ಕೇಳಲಿಲ್ಲ.

ಅದರ ಮುಂದಿನ ಭಾನುವಾರ ನಮ್ಮವರನ್ನು ಆಫೀಸಿಗೆ ಕರೆದರು. ಅಲ್ಲಿನ ಅಡ್ಮಿನ್ ಸಾಹೇಬರು ನರ್ಸಕ್ಕನ ಚರ್ಚಿಗೇ ಹೋಗುವವರು, ಒಳ್ಳೆಯ ಮನುಷ್ಯ. ಎದ್ದು ನಿಂತು ನಮ್ಮವರ ಹೆಗಲು ಹಿಡಿದು, "ಶುಕ್ರವಾರ ಚರ್ಚಿನಲ್ಲಿ ನಿಮ್ಮ ಹೆಸರು, ಕಾಯಿಲೆ ಹೇಳಿ ನಾವೆಲ್ಲ ನಿಮಗಾಗಿ ಪ್ರಾರ್ಥನೆ ಮಾಡಿದೆವು" ಎಂದರಂತೆ. ಆಮೇಲೆ ಪಿಕಪ್ಪಿನ ಕೀ ಕೇಳಿದರಂತೆ.

ನಾನು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದೆ. ನರ್ಸಕ್ಕ ಮೀನು ತೊಳೆಯುತ್ತಿದ್ದರು.

"ಅಕ್ಕಾ, ನೀವು ಹೇಳಿದ್ದಾ?"

"ನಾನು ಮನುಷ್ಯರಿಗೆ ಯಾರಿಗೂ ಹೇಳ್ಲಿಲ್ಲ. ದೇವರಿಗೆ ಹೇಳಿದ್ದು."

"ದೇವರಿಗೆ ಕಿವಿ ಕೇಳುದಿಲ್ವಾ, ಚರ್ಚಿನ ಮೈಕಿನಲ್ಲಿ ಹೇಳ್ಲಿಕ್ಕೆ?"

ಅವರು ಮತ್ತೆ ಮೀನು ಕೈಗೆತ್ತಿಕೊಂಡರು. ನಲ್ಲಿ ನೀರು ಹರಿಯುತ್ತಲೇ ಇತ್ತು.

ನನಗೆ ಉರಿದದ್ದು ಅದೇ. ಸಾಹೇಬರು ಎರಡನೇ ಸಾಲಿನಲ್ಲಿ ಕೂರುವುದು ಇವರಿಗೆ ಗೊತ್ತಿರಲಿಲ್ಲವೇ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ನನ್ನ ಮುಖಕ್ಕೇ, "ನಿನ್ನ ಗಂಡ ಗಾಡಿ ಓಡಿಸಿದರೆ ನಾನು ಸುಮ್ಮನಿರುವವಳಲ್ಲ" ಎಂದಿದ್ದರೆ ಜಗಳವಾಡುತ್ತಿದ್ದೆ, ಅತ್ತು ರಂಪ ಮಾಡುತ್ತಿದ್ದೆ, ಒಂದು ದಿನ ಒಪ್ಪಿಕೊಳ್ಳುತ್ತಲೂ ಇದ್ದೆನೇನೋ... ಕಣ್ಣು ಮುಚ್ಚಿ, ಕೈ ಜೋಡಿಸಿ ಕತ್ತು ಕೊಯ್ದರು. ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಪರದೇಶದಲ್ಲಿ ನನಗೆ ತವರು ಅಂತ ಇದ್ದದ್ದು ಆ ಒಂದು ಬಾಗಿಲು.

ನಮ್ಮವರನ್ನು ಯಾರ್ಡಿನ ಮೂಲೆಯ ಕುರ್ಚಿಗೆ ಹಾಕಿದರು. ಕುರ್ಚಿಗೆ ಹಾಕಿದರೆ ಮುಂದೇನೆಂದು ಎಲ್ಲರಿಗೂ ಗೊತ್ತಿತ್ತು. ಎರಡು ವಾರಕ್ಕೆ ನೋಟಿಸು ಬಂತು.

ನೋಟಿಸು ಬಂದ ಮೇಲಿನ ಭಾನುವಾರ, ಬೆಳಿಗ್ಗೆ ಏಳೂವರೆಗೆ, ನಮ್ಮವರು ಅಡುಗೆಮನೆಯಲ್ಲಿ ನೀರು ತುಂಬಿಸುತ್ತಿದ್ದವರು ಮತ್ತೆ ಬಿದ್ದರು. ಮಾತ್ರೆ ತಪ್ಪಿಸಿರಲಿಲ್ಲ. ಈ ಸಲ ನಾನು ಕಿರುಚಲಿಲ್ಲ. ಅಕ್ಕ ತೋರಿಸಿದ ಹಾಗೇ ಮಗ್ಗುಲಿಗೆ ತಿರುಗಿಸಿದೆ, ಗಡಿಯಾರ ನೋಡಿದೆ. ಆಗಲೇ ಹೊಳೆದದ್ದು... ಬೇರೆ ಭಾನುವಾರಗಳಲ್ಲಿ ಏಳೂವರೆಗೆ ಅವರು ಇಬ್ರಿ ರೋಡಿನಲ್ಲಿರುತ್ತಿದ್ದರು, ಮಕ್ಕಳೊಂದಿಗರಾದ ಇಬ್ಬರು ಜೊತೆಯವರನ್ನು ಕೂರಿಸಿಕೊಂಡು. ಎದ್ದು ಹೋಗಿ ನರ್ಸಕ್ಕನ ಬಾಲ್ಕನಿಯ ಕಡೆಯ ಕಿಟಕಿ ಮುಚ್ಚಿದೆ. ಸದ್ದು ಆಚೆ ಹೋಗಬಾರದೆಂದು.

ನಾವು ಊರಿಗೆ ಹೊರಡುವ ದಿನ ನರ್ಸಕ್ಕನ ಗಂಡ ಡಾಕ್ಟರು ಒಬ್ಬರೇ ಬಂದರು. ನಿಂತುಕೊಂಡೇ ಹೇಳಿದರು, "ಮಿಷನಿನಲ್ಲಿ ನಮಗೊಬ್ಬ ಜೀಪು ಡ್ರೈವರ್ ಇದ್ದ. ಅವನಿಗೂ ಇದೇ ಕಾಯಿಲೆ. ಅವನ ಹೆಂಡತಿ ಕಾಲು ಹಿಡಿದಳಂತ ಇವಳು ನನ್ನ ಹತ್ರವೂ ಬಾಯಿ ಬಿಡ್ಲಿಲ್ಲ. ಜೀಪು ಹೊಳೆಗೆ ಬಿತ್ತು. ಅವನೊಟ್ಟಿಗೆ ಇಬ್ಬರು ನರ್ಸಿಂಗ್ ಹುಡುಗಿಯರೂ ಹೋದ್ರು. ಮಾರನೇ ವರ್ಷ ನಾವು ಆಫ್ರಿಕ ಬಿಟ್ಟದ್ದು." ಬಾಗಿಲ ಕಡೆ ತಿರುಗಿ, "ಅವಳಿಗೆ ಒಂದು ಮಾತು ಹೇಳಿ ಹೋಗಮ್ಮ. ಊಟ ಸೇರುದಿಲ್ಲ ಅವಳಿಗೆ" ಎಂದರು.

ಹೇಳಲಿಕ್ಕೆ ಮಾತು ನನ್ನ ಬಾಯಲ್ಲೇ ಇತ್ತು. ಏಳೂವರೆಗೆ ಆದದ್ದನ್ನು ಹೇಳಿದ್ದರೆ ಸಾಕಿತ್ತು. "ನೋಡುವ" ಎಂದೆ. ಟ್ಯಾಕ್ಸಿ ಹತ್ತುವಾಗ ತಲೆ ಎತ್ತಿಯೂ ನೋಡಲಿಲ್ಲ.

ಈಗ ಊರಿನಲ್ಲಿ ಸ್ಕೂಟರ್ ಓಡಿಸುವುದು ನಾನು, ನಮ್ಮವರು ಹಿಂದೆ ಕೂರುವುದು. ನೋಡಿದವರು ನಗುತ್ತಾರೆ, ಅವರೂ ನಗುತ್ತಾರೆ. ಕಳೆದ ವರ್ಷ ಹಳೆಯ ಬಿಲ್ಡಿಂಗಿನವರ ಗ್ರೂಪಿನಲ್ಲಿ ನರ್ಸಕ್ಕ ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು, ನಾನೂ ಹಾಕಿದೆ. ಅವರು ನನಗೆ ಮೋಸ ಮಾಡಿದರೆಂದು ಇವತ್ತಿಗೂ ಹೇಳುತ್ತೇನೆ, ಆ ಸಿಟ್ಟು ಹೋಗಿಲ್ಲ. ಆದರೆ ಅವರಿಂದಾಗಿ ಮೂರು ಜೀವ ಉಳಿಯಿತು ಎಂಬುದು ನನ್ನೊಬ್ಬಳಿಗೆ ಗೊತ್ತಿತ್ತು. ನರ್ಸಕ್ಕ ಅದು ಗೊತ್ತಿಲ್ಲದೆಯೇ ಹೋದರು.